ಗೋಡೆಯ ಮೈಯೂ ಮನೆಯ ತೇವವೂ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು ಮತ್ತು ಕರಾವಳಿಯಲ್ಲಿ ಮನೆ ಕಟ್ಟಿಸುವವರು, ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಣ್ಣು, ಮರ, ಸುಣ್ಣದಂಥ ಒಳಮೈ ಕೋಣೆಯ ತೇವವನ್ನು ಹೀರಿ ಬಿಡುವುದು ಮನೆಗೆ ಒಳ್ಳೆಯ ಗುಣ ಎಂದು ನಾನು ಹೇಳುತ್ತ ಬಂದಿದ್ದೇನೆ, ಬಹುಪಾಲು ಪ್ರಶ್ನೆಗಳು ಅದರ ಸುತ್ತಲೇ. ಆರಿದ್ರಾ ಮಳೆ ಹಿಡಿದ ಮೇಲೆ ಈ ಪ್ರಶ್ನೆಗಳು ಹೆಚ್ಚಾಗುತ್ತವೆ. ಅದು ಸಹಜವೇ, ಆರ್ದ್ರತೆ ಎಂಬ ಮಾತೂ ಆರಿದ್ರಾ ಎಂಬ ಹೆಸರೂ ಹುಟ್ಟಿದ್ದು ಒಂದೇ ಬೇರಿನಿಂದ.

ಗೋಡೆ ತೇವ ಹೀರಿಕೊಳ್ಳುವುದು ಕೆಟ್ಟದ್ದಲ್ಲವೇ? ನೀವು ಅದನ್ನೇ ಗುಣ ಎನ್ನುತ್ತೀರಲ್ಲ?

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಹೊರಗೋಡೆಗೆ ಇರಚಲು ಬಡಿದು ನೀರು ಒಳಗೆ ಇಳಿಯುವುದು, ಅಡಿಪಾಯದಿಂದ ಒರತೆ ಮೇಲೇರುವುದು, ಪೈಪು ಸೋರುವುದು ಎಲ್ಲವೂ ದ್ರವರೂಪದ ನೀರಿನ ಕೆಲಸ. ಅದು ರೋಗ, ಅದನ್ನು ತಡೆಯಲೇಬೇಕು. ನಾನು ಹೇಳುತ್ತಿರುವುದು ಕೋಣೆಯ ಗಾಳಿಯಲ್ಲಿ ಕಣ್ಣಿಗೆ ಕಾಣದೆ ಸೇರಿಕೊಂಡಿರುವ ನೀರಾವಿಯ ಬಗ್ಗೆ. ಮಣ್ಣು, ಮರ, ಸುಣ್ಣದಂಥ ವಸ್ತುಗಳ ಮೈಯಲ್ಲಿ ತಲೆಗೂದಲಿಗಿಂತ ಸಾವಿರಾರು ಪಟ್ಟು ಕಿರಿದಾದ ರಂಧ್ರಗಳಿವೆ. ಗಾಳಿಯ ತೇವ ಏರಿದಾಗ ನೀರಾವಿಯ ಅಣುಗಳು ಈ ರಂಧ್ರಗಳ ಒಳಗೋಡೆಗೆ ಅಂಟಿಕೊಳ್ಳುತ್ತವೆ, ಗಾಳಿ ಒಣಗಿದಾಗ ಬಿಟ್ಟು ಹೊರಡುತ್ತವೆ. ಗೋಡೆ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಹಗಲು ರಾತ್ರಿ ಸದ್ದಿಲ್ಲದೆ ಈ ವ್ಯವಹಾರ ನಡೆದಿರುತ್ತದೆ.

ಗೋಡೆ ‘ಉಸಿರಾಡುತ್ತದೆ’ ಎಂದರೆ ಗಾಳಿ ಆರಪಾರ ಹೋಗುತ್ತದೆ ಎಂದೇ?

ಅಲ್ಲ. ಗಾಳಿ ಹೋಗುವುದು ಕಿಟಕಿ, ಬಾಗಿಲು ಮತ್ತು ಹೆಂಚಿನ ಸಂದುಗಳಿಂದ. ಗೋಡೆ ಕೊಡುವುದು, ತೆಗೆದುಕೊಳ್ಳುವುದು ನೀರಾವಿಯನ್ನು ಮಾತ್ರ, ಅದೂ ಬಹುಪಾಲು ಕೋಣೆಯ ಕಡೆಯ ಮೇಲ್ಪದರದಲ್ಲಿ. ದಿನದ ಏರಿಳಿತಕ್ಕೆ ಸ್ಪಂದಿಸುವುದು ಮೇಲಿನ ಒಂದೆರಡು ಸೆಂಟಿಮೀಟರ್ ಅಷ್ಟೇ. ಹಾಗಾಗಿಯೇ ಒಳಮೈಯ ವಸ್ತು ಯಾವುದು ಎಂಬುದು ಇಷ್ಟು ಮುಖ್ಯವಾಗುತ್ತದೆ. ಎರಡಡಿ ದಪ್ಪದ ಮಣ್ಣಿನ ಗೋಡೆ ಕಟ್ಟಿ ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದವರು ಕಟ್ಟಿದ್ದರ ಫಲವನ್ನು ತಾವೇ ಮುಚ್ಚಿಬಿಟ್ಟಂತೆ.

ಸಾಪೇಕ್ಷ ಆರ್ದ್ರತೆ ಎಂದರೇನು? ಸುಲಭವಾಗಿ ಹೇಳಿ.

ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹೊರಬಲ್ಲದು. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17 ಗ್ರಾಂ, 25ರಲ್ಲಿ 23 ಗ್ರಾಂ, 30ರಲ್ಲಿ 30 ಗ್ರಾಂ ನೀರನ್ನು ಹೊತ್ತುಕೊಳ್ಳಬಹುದು. ಹೊರಬಹುದಾದುದರಲ್ಲಿ ಈಗ ಎಷ್ಟು ಭಾಗ ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಗೋಡೆಯ ಮೇಲ್ಮೈಯಲ್ಲಿ ಇದು ಶೇ. 80 ದಾಟಿ ಹಲವು ದಿನ ಹಾಗೇ ನಿಂತರೆ ಬೂಷ್ಟು ಬರಲು ಶುರುವಾಗುತ್ತದೆ.

ಅಡುಗೆಮನೆಯಲ್ಲಿ ಇದಕ್ಕೊಂದು ಅಳತೆಗೋಲು ಹಿಂದಿನಿಂದಲೂ ಇದೆ, ಅದು ಉಪ್ಪು. ಶುದ್ಧ ಉಪ್ಪು ಗಾಳಿಯ ಆರ್ದ್ರತೆ ಸುಮಾರು ಶೇ. 75 ಮುಟ್ಟಿದಾಗ ತಾನಾಗಿ ನೀರೊಡೆಯುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಬೆರೆತಿರುವುದರಿಂದ ಅದು ಇನ್ನೂ ಬೇಗ ಒಸರುತ್ತದೆ. ನಮ್ಮ ಹಿರಿಯರು ಉಪ್ಪನ್ನು ಮರದ ಮರಿಗೆಯಲ್ಲಿ ತುಂಬಿ ಒಲೆಯ ಹತ್ತಿರ ಇಡುತ್ತಿದ್ದುದರ ಹಿಂದೆ ಈ ಅನುಭವವಿದೆ.

ಯಾವ ವಸ್ತು ಎಷ್ಟು ತೇವ ಹಿಡಿಯುತ್ತದೆ ಎಂದು ಅಳೆದವರು ಇದ್ದಾರೆಯೇ?

ಇದ್ದಾರೆ. ಉತ್ತರ ಯೂರೋಪಿನ ದೇಶಗಳು ಸೇರಿ ನಾರ್ಡ್‌ಟೆಸ್ಟ್ ಎಂಬ ಯೋಜನೆಯಡಿ 2005ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದವು. ವಸ್ತುವಿನ ಒಂದು ತುಂಡನ್ನು 8 ಗಂಟೆ ಶೇ. 75 ಆರ್ದ್ರತೆಯ ಗಾಳಿಯಲ್ಲಿ, ಆಮೇಲೆ 16 ಗಂಟೆ ಶೇ. 33 ಆರ್ದ್ರತೆಯಲ್ಲಿ ಇಡುತ್ತಾರೆ. ಹೀಗೆ ದಿನದ ಮೇಲೆ ದಿನ ಮಾಡಿ ತೂಕದ ಏರಿಳಿತವನ್ನು ನೋಡುತ್ತಾರೆ. ಉತ್ತರ ಬರುವುದು, ಆರ್ದ್ರತೆಯ ಪ್ರತಿ ಶೇಕಡ ಒಂದರ ಬದಲಾವಣೆಗೆ ಒಂದು ಚದರ ಮೀಟರ್ ಮೇಲ್ಮೈ ಎಷ್ಟು ಗ್ರಾಂ ನೀರನ್ನು ಹಿಡಿದು ಬಿಡುತ್ತದೆ ಎಂಬ ರೂಪದಲ್ಲಿ. 0.2ಕ್ಕಿಂತ ಕಡಿಮೆಯಾದರೆ ಲೆಕ್ಕಕ್ಕಿಲ್ಲ, 0.5ರಿಂದ 1 ಸಾಧಾರಣ, 1ರಿಂದ 2 ಒಳ್ಳೆಯದು, 2ಕ್ಕಿಂತ ಮೇಲೆ ಉತ್ಕೃಷ್ಟ.

75 ಮತ್ತು 33 ಎಂಬ ಸಂಖ್ಯೆಗಳು ಯಾಕೆ ಎಂದು ನನಗೂ ಮೊದಲು ತಿಳಿದಿರಲಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಅಡುಗೆ ಉಪ್ಪಿನ ಗಟ್ಟಿ ದ್ರಾವಣ ಇಟ್ಟರೆ ಒಳಗಿನ ಗಾಳಿ ಶೇ. 75ಕ್ಕೆ ನಿಲ್ಲುತ್ತದೆ, ಮೆಗ್ನೀಸಿಯಂ ಕ್ಲೋರೈಡ್ ಇಟ್ಟರೆ ಶೇ. 33ಕ್ಕೆ. ಉಪ್ಪಿನ ಮರಿಗೆಯ ವಿಜ್ಞಾನವೇ ಪ್ರಯೋಗಾಲಯಕ್ಕೂ ಹೋಗಿದೆ ಎಂದು ತಿಳಿದಾಗ ಬಹಳ ಸಂತೋಷವಾಯಿತು.

ಈ ಅಳತೆಯಲ್ಲಿ ಕಾಂಕ್ರೀಟು ಸುಮಾರು 0.4, ಜಿಪ್ಸಂ ಹಲಗೆ 0.6, ಬಣ್ಣ ಬಳಿಯದ ಸ್ಪ್ರೂಸ್ ಮರದ ಹಲಗೆ 1.2ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಒಳ್ಳೆಯ ಮಣ್ಣಿನ ಗಿಲಾವು 1 ದಾಟುತ್ತದೆ, ಕೆಲವು 2ರವರೆಗೂ ಹೋಗುತ್ತವೆ. ಗಾಜು, ವಿಟ್ರಿಫೈಡ್ ಟೈಲ್ಸ್, ಗ್ರಾನೈಟುಗಳದು ಸೊನ್ನೆ ಎಂದೇ ಹಿಡಿಯಬಹುದು.

ಇಷ್ಟು ಸಣ್ಣ ಸಂಖ್ಯೆಗಳಿಂದ ಮನೆಯಲ್ಲಿ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ?

ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಮಲಗುವ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿಯಲ್ಲಿ ಅದು ಪೂರ್ತಿ ತುಂಬಿದರೂ ಹೊರುವ ನೀರು 780 ಗ್ರಾಂ, ಒಂದು ಲೀಟರೂ ಇಲ್ಲ! ಶೇ. 60 ಆರ್ದ್ರತೆ ಇದ್ದರೆ 470 ಗ್ರಾಂ ಆಗಲೇ ಗಾಳಿಯಲ್ಲಿದೆ, ಉಳಿದ ಜಾಗ 310 ಗ್ರಾಂ. ಮಲಗಿದ ಮನುಷ್ಯ ಉಸಿರಿನಿಂದ, ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಬಿಡುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ 640 ಗ್ರಾಂ. ಕಿಟಕಿ, ಬಾಗಿಲು ಭದ್ರವಾಗಿ ಮುಚ್ಚಿದ್ದು ಗೋಡೆ ಏನನ್ನೂ ಹೀರದಿದ್ದರೆ ನಾಲ್ಕು ಗಂಟೆಯೊಳಗೆ ಗಾಳಿ ತುಂಬಿ ಕಿಟಕಿಯ ಗಾಜು ಬೆವರತೊಡಗುತ್ತದೆ.

ಈಗ ಅದೇ ಕೋಣೆಯ 35 ಚದರ ಮೀಟರ್ ಗೋಡೆಗೆ 1.5 ಅಳತೆಯ ಮಣ್ಣಿನ ಗಿಲಾವು ಇದೆ ಎಂದುಕೊಳ್ಳಿ. ಆರ್ದ್ರತೆ ಶೇಕಡ ಒಂದು ಏರಿದರೆ ಗಾಳಿ ತೆಗೆದುಕೊಳ್ಳುವುದು ಸುಮಾರು 8 ಗ್ರಾಂ, ಗೋಡೆ ತೆಗೆದುಕೊಳ್ಳುವುದು 52 ಗ್ರಾಂ. ಗಾಳಿ, ಗೋಡೆ ಎರಡೂ ಹಂಚಿಕೊಂಡಾಗ ಬೆಳಗಿನ ಹೊತ್ತಿಗೆ ಆರ್ದ್ರತೆ 60ರಿಂದ 71ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಗೋಡೆಯ ಅಳತೆ 0.2 ಮಾತ್ರವಾಗಿದ್ದರೆ ನೂರು ಮುಟ್ಟುತ್ತದೆ. ಬಾಗಿಲಿನ ಸಂದಿನಿಂದ ಗಾಳಿ ಆಡುವುದನ್ನು ನಾನಿಲ್ಲಿ ಬಿಟ್ಟಿರುವುದರಿಂದ ಇದು ಅಂದಾಜಿನ ಲೆಕ್ಕ. ಆದರೂ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ: ಕೋಣೆಯ ನೀರಿಗೆ ದೊಡ್ಡ ಪಾತ್ರೆ ಗೋಡೆಯೇ ಹೊರತು ಗಾಳಿಯಲ್ಲ.

ಹಾಗಾದರೆ ಮಣ್ಣಿನ ಗೋಡೆ, ಸುಣ್ಣದ ಗಾರೆ ಇದ್ದರೆ ಮಳೆಗಾಲದಲ್ಲಿ ಬೂಷ್ಟು ಬರುವುದೇ ಇಲ್ಲವೇ?

ಬರುತ್ತದೆ. ಈ ವಿಷಯದಲ್ಲಿ ಸುಳ್ಳು ಭರವಸೆ ಕೊಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಗೋಡೆ ಒಂದು ಪಾತ್ರೆ ಎಂದೆ. ಪಾತ್ರೆ ತುಂಬಿದ ಮೇಲೆ ಖಾಲಿಯಾಗಬೇಕಲ್ಲ? ರಾತ್ರಿ ಹಿಡಿದದ್ದನ್ನು ಹಗಲು ಬಿಡಬೇಕಾದರೆ ಹಗಲಿನ ಗಾಳಿ ಒಣಗಿರಬೇಕು. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ, ಆಗುಂಬೆಯಲ್ಲಿ ಹೊರಗಿನ ಗಾಳಿಯೇ ಶೇ. 90ರ ಸುತ್ತಮುತ್ತ ವಾರಗಟ್ಟಲೆ ನಿಂತಿರುತ್ತದೆ. ಆಗ ಎಂಥ ಗೋಡೆಯಾದರೂ ಕೆಲವೇ ದಿನಗಳಲ್ಲಿ ತುಂಬಿ ಹೊರಗಿನ ಮಟ್ಟಕ್ಕೆ ಸಮನಾಗುತ್ತದೆ. ಗೋಡೆ ನೆರವಾಗುವುದು ದಿನದ ಏರಿಳಿತಕ್ಕೆ. ಅನ್ನ ಬಸಿದಾಗಿನ ಹಬೆ, ಬಿಸಿನೀರಿನ ಸ್ನಾನ, ರಾತ್ರಿಯ ಉಸಿರು ಇಂಥವು ಅದರ ಕೈಯಲ್ಲಿ ಆಗುವ ಕೆಲಸಗಳು. ಮೂರು ತಿಂಗಳ ಮಳೆಯನ್ನು ಅದು ತಡೆದುಕೊಳ್ಳಲಾರದು.

ಹಳೆಯ ಮಲೆನಾಡಿನ ಮನೆ ಬದುಕಿದ್ದು ಗೋಡೆಯೊಂದರಿಂದಲೇ ಅಲ್ಲ. ಬಚ್ಚಲಿನ ಹಂಡೆಯ ಒಲೆ ಮಳೆಗಾಲದಲ್ಲಿ ಆರುತ್ತಿರಲಿಲ್ಲ. ಅಡುಗೆಮನೆಯ ಬಿಸಿ ಮತ್ತು ಹೊಗೆ ಅಟ್ಟವನ್ನು ಹಾದು ಹೆಂಚಿನ ಸಂದುಗಳಿಂದ ಹೊರಹೋಗುತ್ತಿತ್ತು, ಹೋಗುವಾಗ ಒಳಗಿನ ಹಸಿ ಗಾಳಿಯನ್ನೂ ಎಳೆದೊಯ್ಯುತ್ತಿತ್ತು. 25 ಡಿಗ್ರಿಯಲ್ಲಿ ಶೇ. 90 ಆರ್ದ್ರತೆ ಇರುವ ಗಾಳಿಯನ್ನು 29 ಡಿಗ್ರಿಗೆ ಬಿಸಿ ಮಾಡಿದರೆ ಸಾಕು, ಅದು ಶೇ. 72ಕ್ಕೆ ಇಳಿಯುತ್ತದೆ. ಬೂಷ್ಟಿನ ಗೆರೆಯಿಂದ ಕೆಳಗೆ! ಆ ನಾಲ್ಕು ಡಿಗ್ರಿಯನ್ನು ಒಲೆ ಕೊಡುತ್ತಿತ್ತು, ಹಗಲಿನ ಆ ಒಣ ಗಾಳಿಗೆ ಗೋಡೆ ತನ್ನ ನೀರನ್ನು ಬಿಟ್ಟು ರಾತ್ರಿಗೆ ಖಾಲಿಯಾಗುತ್ತಿತ್ತು. ಈಗ ನಾವು ಒಲೆ ತೆಗೆದೆವು, ಹೆಂಚಿನ ಬದಲು ತಾರಸಿ ಹಾಕಿದೆವು, ಕಿಟಕಿಗೆ ಗಾಜು ಜೋಡಿಸಿದೆವು. ಬಂದದ್ದು ಅನಿಲದ ಒಲೆ, ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟಿ ಅಡುಗೆಮನೆಯಲ್ಲೇ ಉಳಿಯುತ್ತದೆ. ಗೋಡೆ ಮಾತ್ರ ಮಣ್ಣಿನದಾಗಿ ಉಳಿದರೆ ಅದು ಒಂಟಿಯಾಗಿ ಏನು ಮಾಡೀತು? ಅಡುಗೆಮನೆಗೆ ಹೊರಕ್ಕೆ ಗಾಳಿ ತಳ್ಳುವ ಫ್ಯಾನು ಹಾಕಿಸಿ, ಬಿಸಿಲು ಬಿದ್ದ ಎರಡು ಗಂಟೆ ಸಿಕ್ಕರೂ ಕಿಟಕಿಗಳನ್ನೆಲ್ಲ ತೆರೆಯಿರಿ, ಗೋಡೆ ಆ ಎರಡು ಗಂಟೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ.

ಯಾವ ಬಣ್ಣ ಬಳಿಯಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ನಡೆಯುವುದೂ ಇಲ್ಲೇ. ಎಣ್ಣೆ ಬಣ್ಣ, ಎನಾಮೆಲ್ ಗೋಡೆಯ ಬಾಯನ್ನು ಪೂರ್ತಿ ಮುಚ್ಚುತ್ತವೆ. ತೊಳೆಯಬಹುದು ಎಂದು ಹೆಸರಾದ ಹೊಳಪಿನ ಪ್ಲಾಸ್ಟಿಕ್ ಎಮಲ್ಷನ್‌ಗಳು ಬಹುಮಟ್ಟಿಗೆ ಮುಚ್ಚುತ್ತವೆ, ಎರಡು ಮೂರು ಕೈ ಹೊಡೆದ ಮೇಲೆ ಕೆಳಗೆ ಮಣ್ಣಿದ್ದರೂ ಒಂದೇ, ಕಾಂಕ್ರೀಟಿದ್ದರೂ ಒಂದೇ. ಸುಣ್ಣ, ಕೆಮ್ಮಣ್ಣಿನ ಬಣ್ಣ, ಸಿಲಿಕೇಟ್ ಬಣ್ಣ ಇವು ನೀರಾವಿಯನ್ನು ಹಾದುಹೋಗಲು ಬಿಡುತ್ತವೆ.

ಹನ್ನೆರಡು ವರ್ಷದ ಹಿಂದೆ ನಮ್ಮ ಸ್ವಂತ ಮನೆಯ ನಡುಮನೆಗೆ ಗುತ್ತಿಗೆದಾರರೊಬ್ಬರ ಮಾತು ಕೇಳಿ ಹೊಳಪಿನ ಎಮಲ್ಷನ್ ಹೊಡೆಸಿದೆ. ಅಜ್ಜನ ಕಾಲದ ಮಣ್ಣಿನ ಗೋಡೆ. ಎರಡನೆಯ ಮಳೆಗಾಲದಲ್ಲೇ ಬೀರುವಿನ ಹಿಂದೆ ಕಪ್ಪು ಬೂಷ್ಟು ಎದ್ದಿತು, ಕೆಳಗಿನ ಎರಡು ಅಡಿಯಲ್ಲಿ ಬಣ್ಣ ಗುಳ್ಳೆಯಾಗಿ ಉಬ್ಬಿತು. ಬೇಸಿಗೆಯಲ್ಲಿ ಅದನ್ನೆಲ್ಲ ಕೆರೆದು ತೆಗೆದು ಸುಣ್ಣ ಬಳಿದೆವು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತಂದೆವು. ಆ ಬೂಷ್ಟು ಮತ್ತೆ ಆ ಪ್ರಮಾಣದಲ್ಲಿ ಬಂದಿಲ್ಲ.

ಈಗಿರುವ ಗೋಡೆ ತೆರೆದಿದೆಯೇ ಮುಚ್ಚಿದೆಯೇ ಎಂದು ತಿಳಿಯಲು ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ. ಒಂದು ನಿಮಿಷದಲ್ಲಿ ಹೀರಿಕೊಂಡರೆ ತೆರೆದಿದೆ. ಮಣಿಯಾಗಿ ಜಾರಿದರೆ ಮುಚ್ಚಿದೆ ಎಂದು ಅನುಮಾನಿಸಬಹುದು.

ಮಣ್ಣು ಮೇಲೋ, ಸುಣ್ಣ ಮೇಲೋ?

ತೇವ ಹಿಡಿಯುವ ಶಕ್ತಿಯಲ್ಲಿ ಮಣ್ಣು ಮುಂದು. ಜೇಡಿಮಣ್ಣಿನ ಕಣಗಳು ಹಾಳೆಹಾಳೆಯಾಗಿದ್ದು ಅವುಗಳ ಮೇಲ್ಮೈ ಅಗಾಧವಾಗಿರುತ್ತದೆ. ಜರ್ಮನಿಯಲ್ಲಿ ಮಣ್ಣಿನ ಗಿಲಾವಿಗೆ 2013ರಿಂದ ಅಧಿಕೃತ ಮಾನದಂಡವೇ ಇದೆ. ಅದರ ಮೇಲ್ದರ್ಜೆಯ ಗಿಲಾವು, ಆರ್ದ್ರತೆ 50ರಿಂದ 80ಕ್ಕೆ ಏರಿದಾಗ ಹನ್ನೆರಡು ಗಂಟೆಯಲ್ಲಿ ಚದರ ಮೀಟರಿಗೆ 60 ಗ್ರಾಂ ನೀರನ್ನಾದರೂ ಹಿಡಿಯಬೇಕು. ಸುಣ್ಣ ಅಷ್ಟು ಹಿಡಿಯುವುದಿಲ್ಲ. ಅದರ ಬಲ ಬೇರೆ: ಹೊಸ ಸುಣ್ಣ ಬಲವಾದ ಕ್ಷಾರವಾದ್ದರಿಂದ ಬೂಷ್ಟು ಅದರ ಮೇಲೆ ಸುಲಭವಾಗಿ ಕೂರದು. ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಬಳಿಯುವ ರೂಢಿಯಿಂದ ಈ ಗುಣ ವರ್ಷವರ್ಷವೂ ಹೊಸದಾಗುತ್ತಿತ್ತು. ಮಣ್ಣಿನ ಗಿಲಾವಿನ ಮೇಲೆ ತೆಳುವಾಗಿ ಸುಣ್ಣ, ಇದಕ್ಕಿಂತ ಒಳ್ಳೆಯ ಜೋಡಿ ನಮ್ಮ ಹವೆಗೆ ನನಗೆ ಕಂಡಿಲ್ಲ.

ಎಲ್ಲ ಮಣ್ಣೂ ಒಂದೇ ಅಲ್ಲ. ಎರೆಮಣ್ಣು ನೀರನ್ನು ಬಹಳ ಹಿಡಿಯುತ್ತದೆ, ಆದರೆ ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಕಡೆಯ ಕೆಮ್ಮಣ್ಣು ಹಿಡಿಯುವುದು ಕಡಿಮೆ, ನಿಲ್ಲುವುದು ಗಟ್ಟಿಯಾಗಿ. ಮರಳು, ಹೊಟ್ಟು ಬೆರೆಸಿ ಹದ ಮಾಡುವುದು ಇದಕ್ಕಾಗಿಯೇ.

ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಯಲ್ಲಿ ಈ ಗುಣ ಉಳಿಯುತ್ತದೆಯೇ?

ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನವನ್ನು ಒಯ್ಯಲು 1974ರಲ್ಲಿ ಶುರುವಾದ ‘ಅಸ್ತ್ರ’ (ASTRA) ಕೇಂದ್ರ ಒತ್ತುಮಣ್ಣಿನ ಇಟ್ಟಿಗೆಯನ್ನು ಬೆಳೆಸಿದ್ದರಿಂದಲೇ ಇಂದು ರಾಜ್ಯದಲ್ಲಿ ಇಷ್ಟು ಮಣ್ಣಿನ ಮನೆಗಳು ಹೊಸದಾಗಿ ಎದ್ದಿವೆ. ಮಳೆಗೆ ಒಡ್ಡಿದ ಹೊರಗೋಡೆಗೆ ಆ ಸಿಮೆಂಟು ಬೇಕು. ಒಳಮೈಗೆ ಸಿಮೆಂಟ್ ಬೆರೆಸದ ಮಣ್ಣಿನ ಗಿಲಾವು ಮಾಡಿದರೆ ಎರಡರ ಲಾಭವೂ ಸಿಗುತ್ತದೆ.

ಮಳೆ ಶುರುವಾಗುವ ಹೊತ್ತಿಗೆ ನೆಲ ಬೆವರುತ್ತದೆ. ಕೆಳಗಿನಿಂದ ನೀರು ಬರುತ್ತಿದೆಯೇ?

ಬಹಳ ಸಲ ಅಲ್ಲ. ಜೂನ್ ಮೊದಲ ವಾರಗಳಲ್ಲಿ ಗಾಳಿ 29 ಡಿಗ್ರಿ, ಶೇ. 85 ಆರ್ದ್ರತೆ ಇದ್ದರೆ 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ಇಬ್ಬನಿ ಕಟ್ಟುತ್ತದೆ. ನೆಲ 25 ಡಿಗ್ರಿಯಲ್ಲಿದ್ದರೆ ಬೆವರಿತು. ಗ್ರಾನೈಟು, ಟೈಲ್ಸ್ ಒಂದು ಹನಿಯನ್ನೂ ಹೀರದ ಕಾರಣ ನೀರು ಮೇಲೇ ನಿಂತು ಕಾಲು ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಸುಟ್ಟ ಮಣ್ಣಿನ ಹೆಂಚಿನ ನೆಲ ಮೊದಲ ಪದರದ ನೀರನ್ನು ಹೀರಿಕೊಳ್ಳುತ್ತದೆ. ಪರೀಕ್ಷೆ ಮಾಡಬೇಕೆಂದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಮೇಲೆ ನೀರಿದ್ದರೆ ಗಾಳಿಯದ್ದು, ಅಡಿಯಲ್ಲಿದ್ದರೆ ನೆಲದ್ದು.

ಮರದ ಮುಚ್ಚಿಗೆ ಇದೆ. ಪಾಲಿಶ್ ಮಾಡಿಸಬಹುದೇ?

ಕೈಗೆ ಸಿಗದ ಮುಚ್ಚಿಗೆಗೆ ಯಾಕೆ ಬೇಕು? ಹಲಸಿನದೋ ಸಾಗವಾನಿಯದೋ ಬರಿಯ ಹಲಗೆ ತೇವ ಹಿಡಿಯಲು ಬಹಳ ಒಳ್ಳೆಯದು. ವಾರ್ನಿಷ್ ಬಳಿದರೆ ಆ ಬಾಗಿಲು ಮುಚ್ಚುತ್ತದೆ. ಗೆದ್ದಲಿನ ಭಯಕ್ಕೆ ಗೇರೆಣ್ಣೆ ಬಳಿಯುವವರು ತೊಲೆಗಳು ಗೋಡೆಗೆ ಸೇರುವ ತುದಿಗಳಿಗೆ ಬಳಿಯಲಿ, ಹಲಗೆಯ ಒಳಮೈಯನ್ನು ಬಿಡಲಿ.

ಜಪಾನಿನ ನಾರಾದಲ್ಲಿ ಎಂಟನೆಯ ಶತಮಾನದ ಶೋಸೋಯಿನ್ ಎಂಬ ಮರದ ಭಂಡಾರವಿದೆ. ಅದರ ಗೋಡೆಯ ದಿಮ್ಮಿಗಳು ಉಬ್ಬಿ ಕುಗ್ಗಿ ತೇವವನ್ನು ಹದದಲ್ಲಿಟ್ಟವು ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅಳೆದು ನೋಡಿದಾಗ ವಸ್ತುಗಳನ್ನು ಕಾಪಾಡಿದ ಮುಖ್ಯ ಶ್ರೇಯಸ್ಸು ಒಳಗಿನ ಸುಗಿ ಎಂಬ ಜಪಾನಿ ಮರದ ಪೆಟ್ಟಿಗೆಗಳಿಗೆ ಸೇರಿತು. ನಮ್ಮಲ್ಲೂ ತಾಳೆಗರಿಯ ಕಟ್ಟುಗಳನ್ನು ಮರದ ಹಲಗೆಗಳ ನಡುವೆ ಇಟ್ಟು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವುದು ರೂಢಿ. ವಸ್ತುವಿಗೆ ಹತ್ತಿರವಾದ ಮೈಯೇ ಹೆಚ್ಚು ಕಾಪಾಡುತ್ತದೆ.

ರೇಷ್ಮೆ ಸೀರೆ, ಪುಸ್ತಕಗಳಿಗೆ ಮುಗ್ಗಲು ವಾಸನೆ ಬರುತ್ತದೆ. ಇದ್ದಿಲು ಇಟ್ಟರೆ ಸಾಕೇ?

ಹತ್ತಿ ಬಟ್ಟೆ ಶೇ. 65 ಆರ್ದ್ರತೆಯಲ್ಲಿ ತನ್ನ ತೂಕದ ಶೇ. 8ರಷ್ಟು ನೀರನ್ನು ಹಿಡಿದಿರುತ್ತದೆ, ರೇಷ್ಮೆ ಅದಕ್ಕಿಂತ ಹೆಚ್ಚು. ಗೋಡೆ ಮುಚ್ಚಿಕೊಂಡರೆ ಕೋಣೆಯಲ್ಲಿ ತೇವ ಹೀರುವವರು ನಿಮ್ಮ ಸೀರೆ, ಹಾಸಿಗೆ, ಪುಸ್ತಕಗಳೇ. ಒಂದು ಹಿಡಿ ಇದ್ದಿಲು ಬೇಗ ತುಂಬಿಹೋಗುತ್ತದೆ, ಬಿಸಿಲಿಗೆ ಹಾಕಿ ತಂದರಷ್ಟೇ ಮತ್ತೆ ಉಪಯೋಗ. ನುಸಿಗುಳಿಗೆ ಹುಳಕ್ಕೆ, ತೇವಕ್ಕಲ್ಲ. ಕಬ್ಬಿಣದ ಬೀರುವಿಗಿಂತ ಒಳಗೆ ಬಣ್ಣವಿಲ್ಲದ ಮರದ ಪೆಟ್ಟಿಗೆ ಮೇಲು.

ಎಸಿ ಇರುವ ಕೋಣೆಗೆ ಈ ಮಾತು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ, ಸ್ವಲ್ಪ ತಿರುಗಿಸಿ. ಎಸಿ ಗಾಳಿಯ ನೀರನ್ನು ತೆಗೆಯುತ್ತದೆ, ಮಣ್ಣಿನ ಗೋಡೆ ಮೊದಲ ಕೆಲವು ದಿನ ತನ್ನಲ್ಲಿರುವುದನ್ನು ಬಿಡುತ್ತಲೇ ಇರುವುದರಿಂದ ಒಣಗಲು ಹೊತ್ತು ಹಿಡಿಯುತ್ತದೆ. ದಿನವೂ ಕಿಟಕಿ ತೆರೆದು ರಾತ್ರಿ ಮಾತ್ರ ಎಸಿ ಹಾಕಿದರೆ ಗೋಡೆಯ ನೀರನ್ನು ಹಿಂಡುವುದೇ ಯಂತ್ರದ ಕೆಲಸವಾಗುತ್ತದೆ. ಕರಾವಳಿಯಲ್ಲಿ ಒಂದನ್ನು ಮಾತ್ರ ಮಾಡಲೇಬೇಡಿ: ಎಸಿ ಕೋಣೆಯ ಹೊರಗೋಡೆಯ ಒಳಬದಿಗೆ ವಿನೈಲ್ ವಾಲ್‌ಪೇಪರ್ ಅಂಟಿಸುವುದು. ಹೊರಗಿನ ಬೆಚ್ಚನೆಯ ತೇವ ಗೋಡೆ ದಾಟಿ ಬಂದು ತಣ್ಣಗಿನ ಆ ಹಾಳೆಯ ಬೆನ್ನಿಗೆ ನಿಲ್ಲುತ್ತದೆ. ಮುಂದೆ ಹೂವಿನ ಚಿತ್ತಾರ, ಹಿಂದೆ ಬೂಷ್ಟು.

ನಮ್ಮದು ಸಿಮೆಂಟಿನ ಮನೆ. ಈಗ ಏನು ಮಾಡಬಹುದು?

ಮೊದಲು ಸೋರಿಕೆ, ಒರತೆ ಇದ್ದರೆ ನಿಲ್ಲಿಸಿ. ಆಮೇಲೆ ಮಲಗುವ ಕೋಣೆಯ ಒಂದೆರಡು ಒಳಗೋಡೆಗಳ ಬಣ್ಣ ಕೆರೆದು ಅರ್ಧ ಇಂಚಿನಷ್ಟು ಮಣ್ಣಿನ ಗಿಲಾವು ಮಾಡಿಸಿ. ಇರಚಲು ಬಡಿಯುವ ಹೊರಗೋಡೆ ಬೇಡ. ಮುನ್ನೂರು ನಾನೂರು ರೂಪಾಯಿಯ ಆರ್ದ್ರತಾ ಮಾಪಕ ತನ್ನಿ. ಬಟ್ಟಲಲ್ಲಿ ಒದ್ದೆ ಉಪ್ಪು ಹಾಕಿ ಮಾಪಕದೊಂದಿಗೆ ಡಬ್ಬಿಯಲ್ಲಿ ಮುಚ್ಚಿ ಅರ್ಧ ದಿನ ಬಿಟ್ಟರೆ 75 ತೋರಿಸಬೇಕು, ತೋರಿಸದಿದ್ದರೆ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

ಕಲಬುರಗಿ, ರಾಯಚೂರಿನವರಿಗೆ ಇದರಿಂದ ಏನು?

ಅಲ್ಲಿನ ಬೇಸಿಗೆಯಲ್ಲಿ ತೊಂದರೆ ಒಣಗಾಳಿಯದ್ದು. ಮಾಳಿಗೆ ಮನೆಯ ಮಣ್ಣು ರಾತ್ರಿ ಹಿಡಿದ ತೇವವನ್ನು ಹಗಲು ಬಿಡುತ್ತದೆ, ಬಿಡುವಾಗ ಸ್ವಲ್ಪ ತಂಪೂ ಆಗುತ್ತದೆ. ಅಲ್ಲಿ ಮಣ್ಣಿನ ಮೈ ಕೆಲಸ ಮಾಡುವಷ್ಟು ಸಲೀಸಾಗಿ ಕರಾವಳಿಯಲ್ಲಿ ಮಾಡದು.

ಹೊಸ ಮನೆಗೆ ಬಣ್ಣ ಯಾವಾಗ ಹೊಡೆಸಬೇಕು?

ಗೋಡೆ, ಗಿಲಾವು, ತಾರಸಿಗಳಿಗೆ ಸುರಿದ ನೀರು ಸಾವಿರಾರು ಲೀಟರ್. ಅದು ಹೊರಗೆ ಹೋಗಲು ತಿಂಗಳುಗಳು ಬೇಕು. ನಮ್ಮಲ್ಲಿ ವೈಶಾಖದ ಮುಹೂರ್ತಕ್ಕೆ ಗೃಹಪ್ರವೇಶ ಇಟ್ಟುಕೊಂಡು, ಗಿಲಾವು ಮುಗಿದ ಹದಿನೈದೇ ದಿನಕ್ಕೆ ಪುಟ್ಟಿ ಹಾಕಿ ಎಮಲ್ಷನ್ ಹೊಡೆಸುತ್ತಾರೆ. ತಿಂಗಳೊಳಗೆ ಮಳೆ ಹಿಡಿಯುತ್ತದೆ, ಒಳಗಿನ ನೀರು ಒಳಗೇ ಉಳಿಯುತ್ತದೆ. ಮೊದಲ ವರ್ಷ ಸುಣ್ಣ ಬಳಿದು ಮನೆ ಹೊಕ್ಕು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದ ಮೇಲೆ, ಬಣ್ಣ ಬೇಕೆನಿಸಿದರೆ ಆಗ ಹೊಡೆಸಿ. ಬೀರು, ಮಂಚದ ಹಲಗೆಗಳನ್ನು ಆ ವರ್ಷ ಗೋಡೆಗೆ ತಾಗಿಸಿ ಇಡಬೇಡಿ.